ಬಾಳೇಶ ಹಾಕಿದ ಪಟ್ಟು

ಖಾಸಬಾಗ, ಬೆಳಗಾವಿ
೧೧ ಆಗಸ್ಟ್ ೨೦೨೪

ಗೆಳೆಯನೂ ಹೆಂಡತಿಯ ಅಣ್ಣನೂ ಆದ ಬಾಳೇಶನಿಗೆ ಉಳವಪ್ಪನ ಶರಣು.

ಬೀಡಿ ಊರಿನಲ್ಲಿ ಮನೆಯವರೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಫೋನು ಎತ್ತದೆ ತಿಂಗಳಾಯಿತು, ತಪ್ಪು ತಿಳಿಯಬೇಡ. ಮೊಬೈಲಿನ ಬೆಳಕು ಕಣ್ಣಿಗೆ ಬಿದ್ದರೆ ಬಲಗಡೆಯ ಅರ್ಧ ತಲೆಗೆ ಮೊಳೆ ಜಡಿದಂತಾಗುತ್ತದೆ. ಅದಕ್ಕೇ ಈ ಕಾಗದ. ಖರೇ ಹೇಳಲಾ? ನಿನ್ನನ್ನು ಬೈಯಲಿಕ್ಕೇ ಕೂತಿದ್ದೇನೆ.

ಕಳೆದ ವಾರ ಉದ್ಯಮಬಾಗದ ಫೌಂಡ್ರಿಯಲ್ಲಿ ನೋವು ತಡೆಯಲಾರದೆ ಜೊತೆಗಾರ ಮಾಯಪ್ಪನಿಗೆ ಇಕ್ಕಳ ಬೀಸಿದೆ. ಪಾಪ, "ಚಾ ಕುಡೀತಿಯೇನೋ?" ಎಂದಷ್ಟೇ ಕೇಳಿದ್ದ. ಅವನ ಕಿವಿಗೆ ಮೂರು ಹೊಲಿಗೆ ಬಿದ್ದವು. ಸಾಹೇಬರು ನನ್ನನ್ನು ದವಾಖಾನೆಗೆ ಅಟ್ಟಿದರು. ಡಾಕ್ಟರು ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು, "ಕುತ್ತಿಗಿ ಎಲುಬು ಸರದಾವು. ಹಳೀ ಪೆಟ್ಟು. ಎಲ್ಲಿ ಬಿದ್ದಿದ್ರಿ?" ಅಂದರು.

ಎಲ್ಲಿಯೂ ಬಿದ್ದಿರಲಿಲ್ಲ. ಖಾನಾಪುರದ ಕುಸ್ತಿ ಕಣದಲ್ಲಿ, ಪಂಚರು ಸೀಟಿ ಊದಿದ ಮೇಲೂ ನೀನು ನನ್ನ ಕುತ್ತಿಗೆ ಬಿಡಲಿಲ್ಲ. ಇನ್ನೊಂದು ಸಲ ತಿರುವಿದೆ. ಲಟಕ್ ಎಂದದ್ದು ಮುಂದಿನ ಸಾಲಿನವರಿಗೂ ಕೇಳಿತ್ತು. ನಮಗೆ ಕುಸ್ತಿ ಕಲಿಸಿದ ವಸ್ತಾದರು ಎಣ್ಣೆ ಹಚ್ಚಿ, ಮತ್ತೊಮ್ಮೆ ಜಗ್ಗಿ, "ಗಂಡಸ ಅದಿ, ಏಳಲೇ" ಅಂದರು. ಎದ್ದೆ. ಮರುವರ್ಷ ನೀನೇ ನಿಂತು ನಿನ್ನ ತಂಗಿ ಪೂರ್ಣಿಮಾಳನ್ನು ನನಗೆ ಕೊಟ್ಟೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಹದಿನಾಲ್ಕು ವರ್ಷದ ತಲೆಶೂಲೆ, ಬಾಳೇಶ! ಈಗ ಎದುರಿಗಿದ್ದರೆ ನಿನ್ನ ಹಲ್ಲು ಉದುರಿಸುತ್ತಿದ್ದೆ.

ಡಾಕ್ಟರಿಗೆ ಆ ಕುಸ್ತಿಯ ಕತೆ ಹೇಳಿ, "ಹಂಗಾರ ಅವನಽ ಕಾರಣ ಹೌದಲ್ರೀ?" ಎಂದು ಕೇಳಿದೆ. "ಇರಬೌದು, ಇಲ್ಲದನೂ ಇರಬೌದು. ಕುತ್ತಿಗಿ ಸೊಟ್ಟ ಇದ್ದವ್ರಿಗೆಲ್ಲಾ ಮೈಗ್ರೇನ್ ಬರೂದಿಲ್ಲ. ಗುಳಗಿ ತಗೋರಿ, ವ್ಯಾಯಾಮ ಮಾಡ್ರಿ, ಮದಲ ಸಿಟ್ಟ ಬಿಡ್ರಿ" ಅಂದರು ಡಾಕ್ಟರು. ನನಗೆ ಮೈಯೆಲ್ಲ ಉರಿಯಿತು. ನೀನೇ ಕಾರಣ ಎಂದು ಅವರು ಬರೆದುಕೊಟ್ಟಿದ್ದರೆ ನನಗೆಷ್ಟು ಹಗುರಾಗುತ್ತಿತ್ತು.

ನಿನ್ನ ಮಕ್ಕಳಿಗೆ ಬಸವಣ್ಣ ಒಳ್ಳೆಯದು ಮಾಡಲಿ. ಅತ್ತೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಉಳವಪ್ಪ

ತಾ.ಕ.: ಅಂದು ದವಾಖಾನೆಗೆ ನನ್ನ ಜೊತೆ ಬಂದಿದ್ದ ಪೂರ್ಣಿಮಾ ಕತ್ತು ತಿರುಗಿಸಲಾರದ್ದನ್ನು ನೋಡಿ ಡಾಕ್ಟರು ಅವಳದೂ ಎಕ್ಸ್‌ರೇ ತೆಗೆಸಿದರು. "ಬಚ್ಚಲದಾಗ ಜಾರಿ ಬಿದ್ನಿರೀ" ಎಂದಳು. ಸುಳ್ಳು. ಒಗ್ಗರಣೆಯ ವಾಸನೆಗೆ ತಲೆ ಸಿಡಿದು, ನಾನೇ ಅವಳ ಕೂದಲು ಹಿಡಿದು ಗೋಡೆಗೆ ಗುದ್ದಿದ್ದೆ. ಮೊದಲ ಸಲವೂ ಅಲ್ಲ. ಮಗಳು ಸಮೃದ್ಧಿ ಎಲ್ಲ ನೋಡಿದ್ದಾಳೆ, ಈಗ ನಾನು ಒಳಗೆ ಬಂದರೆ ಹೊರಗೆ ಹೋಗುತ್ತಾಳೆ. ಕಾಗದ ಮುಟ್ಟಿದ ದಿನವೇ ಬಾ. ಇಬ್ಬರನ್ನೂ ಕರೆದುಕೊಂಡು ಹೋಗು. ನಾನು ಅಡ್ಡ ಬಂದರೆ ನನ್ನನ್ನು ಕೆಡವಿ ಕರೆದುಕೊಂಡು ಹೋಗು.