ಚಿಕ್ಕಮ್ಮನ ಕಿಟಕಿ ಮುಚ್ಚಿಸಿದವರಿಗೆ

ಕೋಟೆ ಸಂರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ನೀವು ನನ್ನ ಚಿಕ್ಕಮ್ಮನ ಕಿಟಕಿಗೆ ಕಲ್ಲಿಟ್ಟು ಗಾರೆ ಬಳಿಸಿದ್ದೀರಿ. 'ಮಾನ್ಯರೇ' ಎಂದು ಕರೆಯುವ ಸೌಜನ್ಯ ನನಗಿಲ್ಲವೆಂದಲ್ಲ. ಆ ಕಿಟಕಿ ಮತ್ತೆ ತೆರೆಯುವವರೆಗೆ ಆ ಸೌಜನ್ಯವನ್ನು ನನ್ನ ಬಳಿಯೇ ಇಟ್ಟುಕೊಂಡಿರುತ್ತೇನೆ.

ಹೆಚ್ಚು ಜನರಿಗೆ ಗೊತ್ತಿರದ ಆ ಗುಡ್ಡದ ಊರನ್ನು ಲೋಕಕ್ಕೆಲ್ಲ ಪರಿಚಯಿಸುವ ಹುಮ್ಮಸ್ಸು ನಿಮಗೆ ಬಂದಿದೆ. ಸಂತೋಷ. ನೆತ್ತಿಯ ಮೇಲೆ ಕೋಟೆ, ಅದರ ಗೋಡೆಗೆ ಬೆನ್ನು ಕೊಟ್ಟು ನಿಂತ ಮನೆಗಳು, ಮೆಟ್ಟಿಲುಗಳೇ ಬೀದಿಯಾದ ಊರು, ನೋಡಬೇಕಾದದ್ದೇ. ಆದರೆ ಮಂಡಿ ಸವೆದ ನನ್ನ ಚಿಕ್ಕಮ್ಮ ಮಹಡಿ ಇಳಿದು ವರ್ಷಗಳಾದವು. ಅವಳ ಪಾಲಿಗೆ ಬೀದಿ, ಅಂಗಡಿ, ನೆಂಟರು ಎಲ್ಲವೂ ಆ ಒಂದು ಕಿಟಕಿಯೇ ಆಗಿತ್ತು. ಹಗ್ಗಕ್ಕೆ ಬುಟ್ಟಿ ಕಟ್ಟಿ ಕೆಳಗೆ ಬಿಡುತ್ತಿದ್ದಳು. ತರಕಾರಿಯವಳು ಸೊಪ್ಪು ಹಾಕಿ, ಊರ ಸುದ್ದಿಯನ್ನೂ ಒಪ್ಪಿಸಿ ಹಗ್ಗ ಜಗ್ಗುತ್ತಿದ್ದಳು. ಮಾತ್ರೆ, ಬ್ರೆಡ್ಡು, ಪಕ್ಕದ ಮನೆಯ ಬಾಣಂತಿ ತೋರಿಸಲು ತಂದ ಕೂಸಿನ ನಗು, ಎಲ್ಲ ಬರುತ್ತಿದ್ದದ್ದು ಅಲ್ಲಿಂದಲೇ.

ಈ ಸಲ ನಾನು ಹೋದಾಗ ಕಿಟಕಿ ಇರಲಿಲ್ಲ. ಬೀದಿಯಲ್ಲಿ ನಿಂತು ಬೆಪ್ಪಿಯಂತೆ "ಚಿಕ್ಕಮ್ಮಾ" ಎಂದು ಕೂಗಿದೆ. ಗೋಡೆಯೊಳಗಿಂದ ದನಿ ಬಂತು.

"ಬಂದ್ಯೇನೇ? ಹಿಂದಿನ ಓಣಿಯಿಂದ ಬಾ. ಮುಂದುಗಡೆಯಿಂದ ನಾನೀಗ ಬರೀ ಗೋಡೆ."

ನಿಮ್ಮ ಆದೇಶದ ಪ್ರಕಾರ ಆ ಕಿಟಕಿ, ಆ ಬುಟ್ಟಿ, ಆ ಹಗ್ಗ 'ಮಧ್ಯಯುಗದ ನೋಟಕ್ಕೆ ಭಂಗ'. ಹಿಂದುಗಡೆ ಬೆಳಕಿಂಡಿ ಇದೆಯಲ್ಲ ಎಂದು ನಿಮ್ಮವರು ಸಮಾಧಾನ ಹೇಳಿದರಂತೆ. ಅಲ್ಲ ಸ್ವಾಮಿ, ಮಧ್ಯಯುಗದವರಿಗೆ ಹೊಟ್ಟೆ ಹಸಿಯುತ್ತಿರಲಿಲ್ಲವೇ? ಅವರು ಯಾರ ಮುಖವನ್ನೂ ನೋಡದೆ ಬದುಕುತ್ತಿದ್ದರೇ? ಹಾಡುಹಗಲಿನಲ್ಲಿ ಬಲ್ಬು ಹಾಕಿಕೊಂಡು ಕೂತಿರುವುದು ಯಾವ ಶತಮಾನದ ಪದ್ಧತಿ?

ಕೋಪದಲ್ಲಿ ನಾನು ನಿಮ್ಮ ಕೋಟೆ ಹತ್ತಿದೆ. ಮಧ್ಯಯುಗ ಹೇಗಿರುತ್ತದೆಂದು ನೋಡಿಯೇಬಿಡೋಣ ಎಂದುಕೊಂಡೆ. ನಿಮ್ಮ ಗೈಡು ಮೂಲೆಯ ಗೋಪುರದ ಮುಂದೆ ನಿಲ್ಲಿಸಿ, "ಈ ಗೋಪುರಕ್ಕೆ ಏಳುನೂರು ವರ್ಷ. ಇವೆಲ್ಲ ಬಾಣ ಬಿಡೋ ಕಿಂಡಿಗಳು" ಎಂದ. ಕಿಂಡಿಗಳೆಲ್ಲ ಊರಿನ ಕಡೆಗೇ ಇದ್ದವು. ಆ ರಾಜ ಶತ್ರುಗಳನ್ನು ಬಿಟ್ಟು ತನ್ನ ಪ್ರಜೆಗಳ ಮೇಲೇ ಬಾಣ ಬಿಡುತ್ತಿದ್ದನೇ ಎಂದು ಅಲ್ಲಿದ್ದವರಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಏಕೆಂದರೆ ನನಗೆ ಗೊತ್ತಿತ್ತು. ಅದು ನನ್ನ ತಾತ ಕಟ್ಟಿದ ಪಾರಿವಾಳದ ಗೂಡು. ಸಿಮೆಂಟು ಕಲಸಿ, ಹಳೆಯ ಕಲ್ಲು ಆಯ್ದು ತಂದು, ಬಿಡುವಿದ್ದಾಗಲೆಲ್ಲ ಕಟ್ಟಿದ್ದು. ಊರಿಗೆಲ್ಲ ಗೊತ್ತಿರುವ ಸಂಗತಿ. ಬರುವ ನಾಲ್ಕು ಜನ ಪ್ರವಾಸಿಗರೂ ಬರದೆ ಹೋದಾರೆಂದು ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ.

ಆಮೇಲೆ ಅದೇ ಗೋಪುರದ ಒಳಗೆ ಕರೆದೊಯ್ದ. ಗೋಡೆಯ ಮೇಲೊಂದು ಪುಟ್ಟ ಕೈಯ ಅಚ್ಚು. ಅದಕ್ಕೆ ಗಾಜಿನ ಹೊದಿಕೆ, ಸುತ್ತ ಹಗ್ಗ, ಮೇಲೆ ಅದಕ್ಕೆಂದೇ ಒಂದು ದೀಪ. "ರಾಜಕುಮಾರಿ ಕೈ ಗುರುತು. ಯುದ್ಧಕ್ಕೆ ಹೋದ ಅಪ್ಪ ವಾಪಸ್ ಬರ್ಲೇ ಇಲ್ಲ, ಪಾಪ, ಇಲ್ಲೇ ಗೋಡೆ ಹಿಡ್ಕೊಂಡು ಕಾಯ್ತಿದ್ದಳಂತೆ." ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ನಾನು ಆ ಅಚ್ಚಿನ ಕಿರುಬೆರಳು ನೋಡಿದೆ. ಹೊರಕ್ಕೆ ಬಾಗಿ ಡೊಂಕಾಗಿತ್ತು. ಆ ಬೆರಳು ನನಗೆ ಅನ್ನ ಕಲಸಿ ತಿನ್ನಿಸಿದೆ.

ಕೆಳಗಿಳಿದು ಬಂದು ಹೇಳಿದಾಗ ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಅದಿನ್ನೂ ಇದ್ಯಾ? ಗಾರೆ ಹಸಿ ಇತ್ತು ಕಣೇ, ಕೈ ಒತ್ತಿಬಿಟ್ಟೆ. ಬೆನ್ನಿಗೆ ಎರಡು ಬಿಟ್ಟ ನಮ್ಮಪ್ಪ. ಯುದ್ಧಕ್ಕೆ ಹೋದ್ನಂತಾ? ಸಂತೆಗೂ ಹೋಗ್ತಿರ್ಲಿಲ್ಲ, ಸೋಮಾರಿ."

"ಹೇಳಿಬಿಡ್ಲಾ ಎಲ್ರಿಗೂ?" ಎಂದೆ.

"ಬೇಡ ಬಿಡೇ. ಅಂಗಡಿಯವರು ಬದುಕ್ಲಿ. ನಾನು ಹೇಗೋ ಇರ್ತೀನಿ" ಎಂದು ಮುಚ್ಚಿದ ಕಿಟಕಿಯ ಕಡೆಗೇ ತಿರುಗಿ ಕೂತಳು. ಅಲ್ಲಿ ನೋಡಲು ಏನೂ ಇರಲಿಲ್ಲ.

ಕೈಯ ಗುರುತಿಗೆ ದೀಪ ಹಾಕಿ, ಕೈಯುಳ್ಳವಳನ್ನು ಕತ್ತಲಲ್ಲಿ ಕೂರಿಸಿದ್ದೀರಿ. ತಾತ ಗೋಪುರಕ್ಕೆ ಕಲ್ಲು ಹೊರುವ ಮೊದಲೇ ಆ ಕಿಟಕಿ ಅಲ್ಲಿತ್ತು. ಹಳೆಯದನ್ನು ಮುಚ್ಚಿಸಿ ಹೊಸದಕ್ಕೆ ಗಾಜು ಹಾಕಿಸಿದ ನಿಮ್ಮ ಪಾಂಡಿತ್ಯಕ್ಕೆ ನಾನೇನು ಹೇಳಲಿ? ಒಂದು ಮಾತ್ರ ಒಪ್ಪುತ್ತೇನೆ: ಊರಿನ ಕಡೆಗೇ ಗುರಿಯಿಟ್ಟು ಬಾಣ ಬಿಡುವ ವಿದ್ಯೆ ನಿಮ್ಮ ಕಚೇರಿಗೆ ಚೆನ್ನಾಗಿಯೇ ಬರುತ್ತದೆ.

ಚಿಕ್ಕಮ್ಮನಷ್ಟು ಒಳ್ಳೆಯವಳು ನಾನಲ್ಲ. ಮುಂದಿನ ತಿಂಗಳು ದೊಡ್ಡ ದೊಡ್ಡವರನ್ನು ಕರೆಸಿ ಆ ಕೈಯ ಅಚ್ಚಿನ ಮುಂದೆ ಸಮಾರಂಭ ಇಟ್ಟುಕೊಂಡಿದ್ದೀರಂತೆ. ಅಷ್ಟರೊಳಗೆ ಕಿಟಕಿ ತೆರೆಸಿ. ಬುಟ್ಟಿ ಬಿಡಲು ಅಡ್ಡಿ ಮಾಡಬೇಡಿ. ಕಿಟಕಿ ತೆರೆಸಿದರೆ ಈ ಪತ್ರ ತಲೆಕೆಟ್ಟ ಹೆಂಗಸೊಬ್ಬಳದು ಎಂದು ಧಾರಾಳವಾಗಿ ಸಾರಿಕೊಳ್ಳಿ, ನಾನು ಅಲ್ಲಗಳೆಯುವುದಿಲ್ಲ. ಇಲ್ಲವಾದರೆ ಚಿಕ್ಕಮ್ಮನನ್ನು ಕುರ್ಚಿ ಸಮೇತ ಹೊತ್ತು ತರುತ್ತೇವೆ. ಅವಳನ್ನು ಒಪ್ಪಿಸುವ ಭಾರ ನನ್ನದು. ಕುರ್ಚಿಗೆ ಹೆಗಲು ಕೊಡಲು ತರಕಾರಿಯವಳು, ಅವಳ ಗಂಡ ಆಗಲೇ ಒಪ್ಪಿದ್ದಾರೆ. ನಿಮ್ಮ ಅತಿಥಿಗಳೆದುರು ಆ ಗಾಜಿನ ಮೇಲೆ ಅವಳ ಕೈ ಇಡಿಸುತ್ತೇನೆ. ಕೈ ದೊಡ್ಡದಾಗಿದೆ, ನಿಜ. ಬೆರಳು ಮಾತ್ರ ನೆಟ್ಟಗಾಗಿಲ್ಲ.

ಇಂತಿ,
ರಾಜವಂಶದವಳೆಂದು ತಡವಾಗಿ ತಿಳಿದುಬಂದ,
ನಿಮ್ಮ ರಾಜಕುಮಾರಿಯ ಅಕ್ಕನ ಮಗಳು