ಲಿಫ್ಟಿನಲ್ಲಿ ನಾವಿಬ್ಬರಿದ್ದರೆ

ಇವಳೇ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಪಕ್ಕದ ಊರಿನ ಹೊಸ ಆಸ್ಪತ್ರೆಗೆ ಲಿಫ್ಟು ಕೂರಿಸುವ ಕೆಲಸ ಬಂದಿದೆ, ಹೊರಟೆ. ಬರುವುದು ಶನಿವಾರ.

ಹಾಲು ಕಾಯಿಸಿಟ್ಟಿದ್ದೇನೆ. ಬಚ್ಚಲಿನ ನಲ್ಲಿ ಮತ್ತೆ ಸೋರುತ್ತಿದೆ. ಬಿಗಿಯಾಗಿ ತಿರುಗಿಸಬೇಡ, ಕಿತ್ತು ಕೈಗೆ ಬರುತ್ತದೆ. ನನ್ನ ಸ್ಪ್ಯಾನರನ್ನು ಮಾತ್ರ ದಯವಿಟ್ಟು ಎತ್ತಿಡಬೇಡ. ನೀನು ಎತ್ತಿಟ್ಟದ್ದು ಆಮೇಲೆ ನಿನಗೂ ಸಿಗುವುದಿಲ್ಲ.

ನಿನ್ನೆ ಒಂದು ಸಂಗತಿ ಹೇಳಬೇಕೆಂದಿದ್ದೆ, ಊಟಕ್ಕೆ ಕೂತಾಗ ಬಾಯಿಗೇ ಬರಲಿಲ್ಲ. ಒಂದು ಕಡೆ ಲಿಫ್ಟು ಮಧ್ಯದಲ್ಲಿ ನಿಂತು ಯಾರೋ ಅಜ್ಜ ಅಜ್ಜಿ ಒಳಗೆ ಸಿಕ್ಕಿಕೊಂಡಿದ್ದರು. ಹೆದರಿ ಅರಚುತ್ತಿರುತ್ತಾರೇನೋ ಅಂತ ಎದ್ದೆನೋ ಬಿದ್ದೆನೋ ಎಂದು ಓಡಿದೆ. ಬಾಗಿಲು ತೆರೆದರೆ, ಇಬ್ಬರೂ ಕಾಲು ಚಾಚಿ ನೆಲದ ಮೇಲೆ ಕೂತು ಯಾರದೋ ಮದುವೆಯ ಸುದ್ದಿಗೆ ಬಿದ್ದು ಬಿದ್ದು ನಗುತ್ತಿದ್ದಾರೆ! ಅಜ್ಜಿ ನನ್ನನ್ನೇ ಗದರಿದರು: "ಇಷ್ಟು ಬೇಗ ಯಾಕಪ್ಪಾ ತೆಗೆದೆ? ಇವರ ಕಥೆ ಇನ್ನೂ ಮುಗಿದೇ ಇಲ್ಲ."

ಮೆಟ್ಟಿಲಿಳಿಯುತ್ತಾ ಮನಸ್ಸಿನಲ್ಲೇ ನಮ್ಮಿಬ್ಬರನ್ನು ಅದರೊಳಗೆ ಕೂರಿಸಿ ನೋಡಿದೆ. ನಾನು "ಟ್ಯಾಂಕು ತುಂಬ್ತಾ?" ಅನ್ನುತ್ತೇನೆ. ನೀನು "ಹೂಂ" ಅನ್ನುತ್ತೀಯ. ಆಮೇಲೆ ಇಬ್ಬರೂ ಬಾಗಿಲನ್ನೇ ನೋಡುತ್ತಾ ಕೂರುತ್ತೇವೆ, ಯಾರಾದರೂ ಬೇಗ ತೆಗೆಯಲಿ ಅಂತ.

ನಮ್ಮಲ್ಲಿ ಜಗಳವಿಲ್ಲ. ಇಷ್ಟು ದಿನ ಅದನ್ನೇ ನೆಮ್ಮದಿ ಅಂದುಕೊಂಡಿದ್ದೆ.

ಸಂಜೆ ಫೋನ್ ಮಾಡುತ್ತೇನೆ. ಟ್ಯಾಂಕಿನ ವಿಷಯ ಕೇಳುವುದಿಲ್ಲ. ಬೇರೇನು ಕೇಳಲಿ ಎಂದು ಎದ್ದಾಗಿನಿಂದ ಯೋಚಿಸುತ್ತಿದ್ದೇನೆ, ಇನ್ನೂ ಏನೂ ಹೊಳೆದಿಲ್ಲ.

ಆದರೂ ಫೋನ್ ಎತ್ತು.