ಅಗೆಯದ ಮರಳಿನ ಮೇಲೆ

ಲೋ ಮುನಿರಾಜು, ನನ್ನ ಜೊತೆಗಾರ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ನಿನ್ನ ಮೇಲೆ ಕೋಪ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಹೋಗಿ ವರ್ಷಗಳಾದವು, ಈ ಕೋಪ ಮಾತ್ರ ಹಾಗೇ ಇದೆ. ಒಂದು ಗುದ್ದಲಿ ತರುವಷ್ಟು ಹೊತ್ತು ಕಾಯಲು ಆಗಲಿಲ್ಲವೇನೋ ನಿನಗೆ?

ಜಯನಗರದಲ್ಲಿ ಆಗ ಮನೆಗಳಿಗಿಂತ ಪಾಯಗಳೇ ಹೆಚ್ಚು. ಸಂಜೆ ಕಾಲೇಜು ಬಿಟ್ಟ ಮೇಲೆ ನೀನು ಉತ್ತರಹಳ್ಳಿಗೆ, ನಾನು ಹನುಮಂತನಗರಕ್ಕೆ ಹೊರಡುವ ಮೊದಲು, ಕಟ್ಟಡಕ್ಕೆಂದು ಸುರಿದ ಮರಳಗುಡ್ಡೆಯ ಪಕ್ಕ ಎರಡು ಗಳ ನೆಟ್ಟು, ಹಗ್ಗ ಕಟ್ಟಿ ಹಾರುತ್ತಿದ್ದೆವು. ಹಾರುತ್ತಿದ್ದವನು ನೀನು. ನಾನು ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು ಬೀಳುತ್ತಿದ್ದೆ. ಎಲ್ಲರೂ ಮೈ ನೆಟ್ಟಗಿಟ್ಟು, ಕತ್ತರಿ ಆಡಿಸಿದಂತೆ ಒಂದೊಂದೇ ಕಾಲು ದಾಟಿಸುತ್ತಿದ್ದರು. ನೀನು ಕ್ಷೌರದಂಗಡಿಯಲ್ಲಿ ಯಾವುದೋ ಹಳೆಯ ಪತ್ರಿಕೆಯ ಚಿತ್ರ ನೋಡಿ ಬಂದು, ಹೊಟ್ಟೆ ಕೆಳಗೆ ಮಾಡಿ ಹಗ್ಗದ ಮೇಲೆ ಉರುಳಿಬಿಟ್ಟೆ.

"ಸೀನ, ದಿನಾ ಒದ್ದಷ್ಟೇ ಜೋರಾಗಿ ನೆಲ ಒದ್ದೆ ಕಣೋ. ಹೆಂಗೆ ಜಾಸ್ತಿ ಹೋದೆ?"

ಭೌತಶಾಸ್ತ್ರ ಓದುತ್ತಿದ್ದ ಜಂಬ ನನಗೆ. "ನೀನು ಒದ್ದಷ್ಟೇ ನೆಲ ನಿನ್ನ ವಾಪಸ್ ತಳ್ಳುತ್ತೆ. ಅಷ್ಟಕ್ಕೆ ಮೈಭಾರದ ನಡುಬಿಂದು ಎಷ್ಟು ಮೇಲೆ ಹೋಗ್ಬೇಕೋ ಅಷ್ಟೇ ಹೋಗೋದು. ನೆಟ್ಟಗೆ ಹಾರೋನು ಅದನ್ನ ಹಗ್ಗಕ್ಕಿಂತ ಬಹಳ ಮೇಲೆ ಎತ್ಬೇಕು. ನೀನು ಮಲಗಿ ದಾಟ್ತೀಯ, ಹಗ್ಗದ ಪಕ್ಕದಲ್ಲೇ ಹೋದ್ರೂ ಸಾಕು."

ದಾಟುವುದೇನೋ ಸರಿ, ಬೀಳುವುದು? ಕತ್ತರಿ ಹಾರಿದವನು ಕಾಲ ಮೇಲೆ ಬಿದ್ದು, ಮಂಡಿ ಮಡಿಸಿ ಪೆಟ್ಟು ತಪ್ಪಿಸಿಕೊಳ್ಳುತ್ತಾನೆ. ನೀನು ಹೆಗಲ ಮೇಲೆ, ಬೆನ್ನ ಮೇಲೆ ಬೀಳುತ್ತಿದ್ದೆ. ಮಡಿಸಲು ಅಲ್ಲಿ ಮಂಡಿ ಎಲ್ಲಿದೆ? ಅದನ್ನೂ ಹೇಳಿದ್ದೆನಲ್ಲೋ. "ಕ್ಯಾಚ್ ಹಿಡಿವಾಗ ಕೈ ಯಾಕೆ ಹಿಂದಕ್ಕೆ ಎಳ್ಕೋತೀಯ?" ಎಂದು ಕೇಳಿದ್ದೆ. "ಇಲ್ದಿದ್ರೆ ಅಂಗೈ ಉರಿಯುತ್ತೆ" ಎಂದಿದ್ದೆ ನೀನು. "ಹಾಗೇ ಇದೂ. ಮರಳು ಸಡಿಲ ಇದ್ರೆ ನಿನ್ನ ನಿಧಾನಕ್ಕೆ ನಿಲ್ಲಿಸುತ್ತೆ. ಗಟ್ಟಿ ಇದ್ರೆ ತಟ್ ಅಂತ ನಿಲ್ಲಿಸುತ್ತೆ. ಪೆಟ್ಟೆಲ್ಲ ಆ 'ತಟ್'ನಲ್ಲೇ ಇರೋದು." ನೀನು ತಲೆಯಾಡಿಸಿದೆ. ಅರ್ಥವಾಗಿತ್ತು ತಾನೇ?

ಕಾಲೇಜಿನ ಕ್ರೀಡಾದಿನ ನೆನಪಿದೆಯಾ? ಅಂದು ಹಗ್ಗದ ಬದಲು, ಮೈ ತಗುಲಿದರೆ ಬೀಳುವ ಕೋಲು ಅಡ್ಡ ಇಟ್ಟಿದ್ದರು. ಹಿಂದಿನ ವಾರದ ಮಳೆಗೆ ನೆನೆದು ಒಣಗಿದ ಮರಳಗುಂಡಿ ಗಾರೆಯಂತೆ ಗಟ್ಟಿಯಾಗಿತ್ತು. ಅಗೆಸಿ ಎಂದು ವ್ಯಾಯಾಮದ ಮೇಷ್ಟ್ರನ್ನು ಕೇಳಿದರೆ, "ಅತಿಥಿಗಳು ಬಂದು ಕೂತಿದಾರೆ, ಈಗೆಲ್ಲಿ ಅಗೆಯೋದಯ್ಯ!" ಎಂದರು. ನಾನು ಪಕ್ಕದ ರಸ್ತೆಯಲ್ಲಿ ಕಟ್ಟುತ್ತಿದ್ದ ಮನೆಯಿಂದ ಗುದ್ದಲಿ ತರಲು ಓಡಿದೆ. "ನಾನು ಬರೋವರ್ಗೂ ಹಾರ್ಬೇಡ" ಎಂದೆ. "ಹೋಗ್ಬಾ ಗುರು" ಎಂದು ನಕ್ಕೆಯಲ್ಲೋ! ಗುದ್ದಲಿ ಹೆಗಲ ಮೇಲಿಟ್ಟುಕೊಂಡು ವಾಪಸ್ ಬಂದಾಗ ಗುಂಡಿಯ ಸುತ್ತ ಜನ ಬಗ್ಗಿ ನಿಂತಿದ್ದರು.

ಮೇಷ್ಟ್ರು ನಿನ್ನ ಹೆಸರು ಕೂಗಿದರಂತೆ. ಕೂಗಲಿ! ಅಷ್ಟೆತ್ತರ ಹಾರುವವನಿಗೆ "ಇಲ್ಲ ಸಾರ್" ಎನ್ನುವ ಒಂದು ಮಾತು ಅಷ್ಟು ಭಾರವಾಯಿತೇ? ಆಸ್ಪತ್ರೆಯಲ್ಲಿ ನೀನು ಕತ್ತಿನ ಕೆಳಗೆ ಏನೂ ಅಲ್ಲಾಡದೆ ಮಲಗಿದ್ದೆ. ಕಣ್ಣು ಮಾತ್ರ ನನ್ನನ್ನು ಹುಡುಕುತ್ತಿತ್ತು. ಆಮೇಲೆ ಅದೂ...

ನಿನ್ನ ತಿಥಿಯ ದಿನ ಮೇಷ್ಟ್ರು ನಿಮ್ಮಪ್ಪನ ಎದುರು ನಿಂತು ಹೇಳಿದರು: "ಶೋಕಿ ಮಾಡೋಕೆ ಹೋಗಿ ಕೋಲಿಗೆ ತಗುಲಿ ಬಿದ್ದ. ಎಲ್ಲರ ಹಾಗೆ ಹಾರಿದ್ರೆ ಏನೂ ಆಗ್ತಿರಲಿಲ್ಲ." ನನಗೆ ಮೈಯೆಲ್ಲ ಉರಿಯಿತು. ನೋಡಿದ ಹುಡುಗರೆಲ್ಲ ಕೋಲು ಬೀಳಲಿಲ್ಲ ಎಂದಿದ್ದರು. ಅದನ್ನೇ ನಿಮ್ಮಪ್ಪನಿಗೆ ಹೇಳಿದೆ. "ನೀನು ಅವನ ಸ್ನೇಹಿತ, ಹಂಗೇ ಹೇಳ್ತೀಯ. ಮೇಷ್ಟ್ರು ಸುಳ್ಳು ಯಾಕೆ ಹೇಳ್ತಾರಪ್ಪ?" ಎಂದರು. ಅಂದಿನಿಂದ ನಿನ್ನ ಹೆಸರನ್ನೇ ಎತ್ತಲಿಲ್ಲ ಅವರು.

ಪ್ರಿನ್ಸಿಪಾಲರನ್ನು ಗುಂಡಿಯ ಬಳಿಗೆ ಕರೆತಂದು ಅರ್ಧ ಭಾಗ ಅಗೆದೆ. ಎರಡು ಮಣ್ಣಿನ ಕುಡಿಕೆಗಳನ್ನು ಒಂದೇ ಎತ್ತರದಿಂದ ಬಿಟ್ಟೆ. ಅಗೆದ ಕಡೆ ಬಿದ್ದದ್ದು ಮರಳಲ್ಲಿ ಹೂತು ಉಳಿಯಿತು, ಇನ್ನೊಂದು ಚೂರುಚೂರಾಯಿತು. ಅವರು ಚೂರುಗಳನ್ನು ನೋಡಿದರು, ನನ್ನನ್ನು ನೋಡಿದರು. "ಹುಡುಗಾಟ ಸಾಕು, ಕ್ಲಾಸಿಗೆ ಹೋಗು" ಎಂದರು. ಹುಡುಗಾಟವಂತೆ!

ಮೊನ್ನೆ ಭಾನುವಾರ ಮೇಷ್ಟ್ರು ರಸ್ತೆಯಲ್ಲಿ ಸಿಕ್ಕರು. ರಿಟೈರಾಗಿದ್ದಾರೆ, ಕೂದಲು ಬೆಳ್ಳಗಾಗಿದೆ. "ಏನಯ್ಯ, ಚೆನ್ನಾಗಿದೀಯಾ?" ಎಂದು ಕೇಳಿದರು. ನಾನು ಅವರ ಮುಂಗೈ ಹಿಡಿದುಕೊಂಡೆ.

"ಕೋಲು ಬಿತ್ತಾ ಸಾರ್?"

ಯಾವ ಕೋಲು ಎಂದು ಅವರು ಕೇಳಲಿಲ್ಲ. "ಇಲ್ಲ ಕಣಯ್ಯ. ಅಗೆಸ್ಬೇಕಿತ್ತು ನಾನು" ಎಂದರು.

"ನನ್ನ ಹತ್ರ ಹೇಳಿ ಏನು ಪ್ರಯೋಜನ? ಬನ್ನಿ."

ಕೈ ಬಿಡಲಿಲ್ಲ ನಾನು. ಮುದುಕರೆಂದು ಕನಿಕರ ಬರಬೇಕಿತ್ತೇನೋ, ಬರಲಿಲ್ಲ. ಉತ್ತರಹಳ್ಳಿ ಬಸ್ಸು ಹತ್ತಿಸಿ ನಿಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಿದೆ. ನಿಮ್ಮಪ್ಪ ಚಾಪೆ ಹಾಸಲು ಹೋದರು. ಮೇಷ್ಟ್ರು ಕೂರಲಿಲ್ಲ, ನಿಂತೇ ಎಲ್ಲವನ್ನೂ ಹೇಳಿದರು. ಗುಂಡಿ ಗಟ್ಟಿಯಿದ್ದದ್ದು, ಅಗೆಸದೆ ಹೆಸರು ಕೂಗಿದ್ದು, ಆಮೇಲೆ ಹೆದರಿ ಸುಳ್ಳು ಹೇಳಿದ್ದು.

ನಿಮ್ಮಪ್ಪ ಬಯ್ಯಲಿಲ್ಲ. "ಹಂಗಾದ್ರೆ ಕೋಲು ಬೀಳಲಿಲ್ವಾ ಮೇಷ್ಟ್ರೇ?" ಎಂದು ಮಾತ್ರ ಕೇಳಿದರು.

"ಅಲ್ಲಾಡಲೂ ಇಲ್ಲ."

"ಹೋಗ್ಬನ್ನಿ. ಬಸ್ಸು ಬರೋ ಹೊತ್ತು" ಎಂದು ಅವರನ್ನು ಕಳಿಸಿ, ನಿಮ್ಮಪ್ಪ ನನ್ನ ಕಡೆ ತಿರುಗಿದರು. "ಎಷ್ಟೆತ್ತರ ಇತ್ತಪ್ಪ ಆ ಕೋಲು?"

ನಾನು ಗೋಡೆಗೆ ಒರಗಿ ನಿಂತು, ತಲೆಯ ಮೇಲೆ ನಾಲ್ಕು ಬೆರಳು ಬಿಟ್ಟು ಅಂಗೈ ಹಿಡಿದೆ. ಅವರು ಹತ್ತಿರ ಬಂದು ಕತ್ತೆತ್ತಿ ನೋಡುತ್ತಲೇ ಇದ್ದರು. ನನ್ನ ಕೈ ಸೋತಿತು, ಇಳಿಸಲಿಲ್ಲ.

ನನ್ನ ಕೋಪ ಇಳಿಯಿತೆಂದು ತಿಳಿಯಬೇಡ ಮುನಿರಾಜು. ಅದು ಇದ್ದೇ ಇದೆ. ಆದರೆ ಆಮೇಲೆ ನಿಮ್ಮಪ್ಪ ಒಳಗಿದ್ದ ನಿಮ್ಮವ್ವನನ್ನು ಕೂಗಿದರು. ಅಷ್ಟು ವರ್ಷಗಳ ಮೇಲೆ ನಿನ್ನ ಹೆಸರು ಅವರ ಬಾಯಲ್ಲಿ ಬಂತು:

"ಬಾರೇ ಇಲ್ಲಿ, ನೋಡು! ಇಷ್ಟೆತ್ತರ ಹಾರಿದ್ದ ನಮ್ಮ ಮುನಿರಾಜ."

ನಿನ್ನ
ಸೀನ